ಸಿಲಿಕೋನ್ ಚಾವಣಿ ಕೋಟಿಂಗ್: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕಟ್ಟಡ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೌನ್, ಮಂಗಲ ಕಾರ್ಯಾಲಯ, ಕಾಂಪ್ಲೆಕ್ಸ್, ನರ್ಸಿಂಗ್ ಹೋಮ್ ಇರುವವರಿಗೆ ಚಾವಣಿ ಚಿಂತೆ ವರ್ಷಕ್ಕೆ ಎರಡು ಸಲ ಬರುತ್ತದೆ. ಏಪ್ರಿಲ್‌ನಲ್ಲಿ ಸೆಕೆ, ಜೂನ್‌ನಲ್ಲಿ ಸೋರಿಕೆ. ಎರಡಕ್ಕೂ ಒಂದೇ ಮದ್ದು ಎಂದು ಈಗ ಸಿಲಿಕೋನ್ ಹೆಸರು ಜಾಸ್ತಿ ಕೇಳಿಬರುತ್ತಿದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಈ ಭಾಗದ ಸಪಾಟು ಚಾವಣಿಗಳಿಗೆ ಸಿಲಿಕೋನ್ ನಿಜಕ್ಕೂ ಒಳ್ಳೆಯ ಆಯ್ಕೆ. ಆದರೆ ಕೆಳಗಿನ ಸ್ಲ್ಯಾಬ್ ಗಟ್ಟಿಯಾಗಿರಬೇಕು, ಒಣಗಿರಬೇಕು, ಕೋಟಿಂಗ್ ಸಾಕಷ್ಟು ದಪ್ಪ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹಣ ನೀರಿನಲ್ಲಿ ಹೋಗುತ್ತದೆ.

ಸಿಲಿಕೋನ್ ಕೋಟಿಂಗ್ ಅಂದರೆ ಏನು? ಪೇಂಟಾ?

ಬಕೆಟ್‌ನಲ್ಲಿ ಬರುತ್ತದೆ, ರೋಲರ್‌ನಿಂದ ಹಚ್ಚುತ್ತಾರೆ. ಹಾಗಾಗಿ ನೋಡಲು ಪೇಂಟ್ ತರಹವೇ ಕಾಣುತ್ತದೆ. ಆದರೆ ಗಟ್ಟಿಯಾದ ಮೇಲೆ ಅದು ರಬ್ಬರ್ ಹಾಳೆ. ಇಡೀ ಚಾವಣಿಗೆ ಎಲ್ಲೂ ಜೋಡಣೆ ಇಲ್ಲದ ಒಂದೇ ಹೊದಿಕೆ ಸಿಗುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ.

ಪೇಂಟ್ ಒಣಗುವುದು ಅದರೊಳಗಿನ ನೀರು ಅಥವಾ ಥಿನ್ನರ್ ಆರಿಹೋಗಿ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವಾಂಶದ ಜೊತೆ ಸೇರಿ. ಅದಕ್ಕೇ ಬಕೆಟ್ ಮುಚ್ಚಳ ತೆರೆದಿಟ್ಟರೆ ಸ್ವಲ್ಪ ಹೊತ್ತಿಗೇ ಮೇಲೆ ಕೆನೆ ಕಟ್ಟುತ್ತದೆ. ತೆರೆದ ಬಕೆಟ್ ಅವತ್ತೇ ಮುಗಿಸಬೇಕು.

ಅಕ್ರಿಲಿಕ್ ಕೋಟಿಂಗ್ ಅಗ್ಗ. ಪಿಯು (ಪಾಲಿಯುರೆಥೇನ್) ಕೋಟಿಂಗ್, ಡಾಂಬರು ಶೀಟ್ ಕೂಡ ಇವೆ. ಸಿಲಿಕೋನ್‌ಗೆ ಯಾಕೆ ಜಾಸ್ತಿ ಕೊಡಬೇಕು?

ಎರಡು ಕಾರಣ: ಬಿಸಿಲು ಮತ್ತು ನಿಂತ ನೀರು.

ಚಾವಣಿಯ ಮೇಲೆ ಹಾಕಿದ ಯಾವುದೇ ವಸ್ತುವನ್ನು ಮೊದಲು ಹಾಳು ಮಾಡುವುದು ಬಿಸಿಲು. ಡಾಂಬರು ಒಣಗಿ ಬಿರುಕು ಬಿಡುತ್ತದೆ. ಸಾಮಾನ್ಯ ಪಿಯು ಹಳದಿಯಾಗಿ, ಮೇಲಿನಿಂದ ಪುಡಿ ಉದುರಲು ಶುರುವಾಗುತ್ತದೆ. ಬಿಸಿಲು ತಡೆಯುವ ಪಿಯು ಇದೆ, ಅದರ ಬೆಲೆಯೂ ಹಾಗೇ ಇದೆ. ಸಿಲಿಕೋನ್‌ನ ಮೂಲ ಸರಪಳಿ ಸಿಲಿಕಾನ್ ಮತ್ತು ಆಮ್ಲಜನಕದ್ದು. ಪ್ಲಾಸ್ಟಿಕ್, ಡಾಂಬರುಗಳಲ್ಲಿರುವ ಇಂಗಾಲದ ಬಂಧಕ್ಕಿಂತ ಇದು ಗಟ್ಟಿ. ಬಿಸಿಲಿನ ನೇರಳಾತೀತ ಕಿರಣಕ್ಕೆ ಸುಲಭವಾಗಿ ಮುರಿಯುವುದಿಲ್ಲ. ವರ್ಷಗಟ್ಟಲೆ ಬಿಸಿಲಲ್ಲಿದ್ದರೂ ಮೆತ್ತಗೇ ಇರುತ್ತದೆ.

ಇನ್ನು ನೀರು. ಅಕ್ರಿಲಿಕ್ ನೀರಿನಲ್ಲಿ ಕಲಸಿದ ವಸ್ತು. ಮಳೆ ಬಿದ್ದು ಹರಿದುಹೋಗುವ ಇಳಿಜಾರು ಚಾವಣಿಯ ಮೇಲೆ ಚೆನ್ನಾಗಿಯೇ ಬಾಳುತ್ತದೆ. ಸಪಾಟು ಸ್ಲ್ಯಾಬಿನ ತಗ್ಗಿನಲ್ಲಿ ದಿನಗಟ್ಟಲೆ ನೀರು ನಿಂತರೆ ಮೆತ್ತಗಾಗಿ, ಉಬ್ಬಿ, ಕೊನೆಗೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಸಿಲಿಕೋನ್ ಒಮ್ಮೆ ಗಟ್ಟಿಯಾದರೆ ನಿಂತ ನೀರಿಗೆ ಕರಗುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ.

ಹಾಗಂತ ಎಲ್ಲದರಲ್ಲೂ ಇದೇ ಮುಂದೆ ಅಂತ ಹೇಳಿದರೆ ತಪ್ಪಾಗುತ್ತದೆ. ತುಳಿತ, ಗೀರು, ಕೊಯ್ತ ತಾಳುವುದರಲ್ಲಿ ಪಿಯು ಗಟ್ಟಿ. ಒಳ್ಳೆಯ ಇಳಿಜಾರಿದ್ದು, ಬಜೆಟ್ ಕಡಿಮೆ ಇದ್ದರೆ ಒಳ್ಳೆಯ ಕಂಪನಿಯ ಅಕ್ರಿಲಿಕ್ ಸಾಕು.

ಮಳೆ ನಿಂತ ಎರಡು-ಮೂರು ದಿನವಾದರೂ ನಮ್ಮ ಟೆರೇಸ್ ಮೇಲೆ ನೀರು ಇರುತ್ತದೆ. ಸಿಲಿಕೋನ್ ಹಚ್ಚಿದರೆ ಇಳಿಜಾರು ಬೇಡವೇ?

ಕೋಟಿಂಗ್ ತಾಳುತ್ತದೆ. ಆದರೂ ನೀರು ಇಳಿಯುವ ದಾರಿ ಸರಿ ಮಾಡಿಸಿ ಎಂದೇ ನಾವು ಹೇಳುತ್ತೇವೆ. ಒಂದಿಂಚು ನೀರು ನಿಂತರೆ ಪ್ರತಿ ಚದರ ಮೀಟರಿಗೆ 25 ಕೆಜಿ ಭಾರ. ಹಳೇ ಸ್ಲ್ಯಾಬಿಗೆ ಅದು ಸುಮ್ನೆ ಹೊರೆ. ನಿಂತ ನೀರಿನಲ್ಲಿ ಪಾಚಿ ಬೆಳೆಯುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ಮುಂದೆ ಎಲ್ಲೋ ಒಂದು ಕಡೆ ಕೋಟಿಂಗ್ ತೂತಾದರೆ, ಹರಿದುಹೋಗುವ ನೀರಿಗಿಂತ ನಿಂತ ನೀರು ಒಳಗೆ ಇಳಿಯುವುದು ಜಾಸ್ತಿ.

ಬಹಳ ಕಟ್ಟಡಗಳಲ್ಲಿ ತೊಂದರೆ ಇಳಿಜಾರಿನದ್ದಲ್ಲ, ಪೈಪಿನದ್ದು. ಮೂರು ಅಂತಸ್ತಿನ ಕಾಂಪ್ಲೆಕ್ಸಿಗೆ ಸಣ್ಣ ಪೈಪ್ ಎರಡೇ ಇರುತ್ತವೆ. ಅದರ ಬಾಯಿಗೆ ಎಲೆ, ಗುಟ್ಕಾ ಚೀಟಿ, ಪ್ಲಾಸ್ಟಿಕ್ ಕೂತಿರುತ್ತದೆ. ಮೊದಲು ಅದನ್ನು ತೆಗೆಸಿ, ಜಾಲರಿ ಹಾಕಿಸಿ. ತೀರಾ ತಗ್ಗಿರುವ ಜಾಗವನ್ನು ಗೌಂಡಿಯಿಂದ ರಿಪೇರಿ ಮಾರ್ಟರ್ ಹಾಕಿಸಿ ಎತ್ತರಿಸಿ. ಆಮೇಲೆ ಕೋಟಿಂಗ್ ಮಾತು.

ಸೋರಿಕೆ ಎಲ್ಲಿಂದ ಶುರುವಾಗುತ್ತದೆ?

ನಡುಸ್ಲ್ಯಾಬಿನಿಂದ ಅಪರೂಪ. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ, ಪೈಪ್ ತೂರಿದ ಜಾಗ, ನೀರಿನ ಟ್ಯಾಂಕಿನ ಬುಡ, ಎಸಿ ಸ್ಟ್ಯಾಂಡಿನ ಕಾಲು, ಎರಡು ಸ್ಲ್ಯಾಬ್ ನಡುವಿನ ಸಂದು, ಇವೇ ಮುಖ್ಯ. ಹುಬ್ಬಳ್ಳಿಯ ದೊಡ್ಡ ರಸ್ತೆಗಳ ಕಾಂಪ್ಲೆಕ್ಸ್‌ಗಳಲ್ಲಿ ಇನ್ನೊಂದಿದೆ: ಹೋರ್ಡಿಂಗ್ ಫ್ರೇಮಿನ ಬೋಲ್ಟ್. ಗಾಳಿಗೆ ಫ್ರೇಮ್ ಅಲುಗಾಡುತ್ತದೆ, ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಸಂದು ಬೀಳುತ್ತದೆ, ನೀರು ಅಲ್ಲಿಂದ ಇಳಿದು ಹತ್ತಡಿ ದೂರದ ಕೋಣೆಯಲ್ಲಿ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗದ ನೇರ ಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ.

ಒಳ್ಳೆಯ ಕೆಲಸಗಾರ ಮೊದಲು ಈ ಜಾಗಗಳಿಗೆ ದಪ್ಪ ಸಿಲಿಕೋನ್ ಪೇಸ್ಟ್ ತುಂಬಿ, ಬೇಕಾದಲ್ಲಿ ಪಾಲಿಯೆಸ್ಟರ್ ಬಟ್ಟೆಯ ಪಟ್ಟಿ ಕೂರಿಸಿ, ಅದು ಗಟ್ಟಿಯಾದ ಮೇಲೆ ಇಡೀ ಚಾವಣಿಗೆ ರೋಲರ್ ಹಿಡಿಯುತ್ತಾನೆ. ಪ್ಯಾರಾಪೆಟ್ ಮೇಲೂ ಕನಿಷ್ಠ ಒಂದಡಿ ಹತ್ತಿಸುತ್ತಾನೆ. ಬಂದ ಕೂಡಲೇ ನಡುವಿನಿಂದ ರೋಲರ್ ಶುರು ಮಾಡುವವರನ್ನು ನಿಲ್ಲಿಸಿ ಕೇಳಿ.

ತೊಟ್ಟಿಕ್ಕುವ ನೀರೆಲ್ಲ ಸೋರಿಕೆಯೇ?

ಅಲ್ಲ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಂಥ ಕಡೆ ಒಳಗೆ ತಂಪು, ಹೊರಗೆ ಸೆಕೆ. ಇನ್ಸುಲೇಷನ್ ಹೋದ ಜಾಗದಲ್ಲಿ ತಗಡು, ಸ್ಲ್ಯಾಬ್ ಬೆವರುತ್ತವೆ. ಚಳಿಗಾಲದ ಬೆಳಗ್ಗೆ ಪತ್ರಾಸ್ (ತಗಡಿನ) ಶೆಡ್ಡಿನ ಒಳಮೈ ಕೂಡ ಹೀಗೇ ಬೆವರುತ್ತದೆ. ಮಳೆ ಇಲ್ಲದ ದಿನವೂ ಹನಿ ಬಿದ್ದರೆ ಮೊದಲು ಗಾಳಿಯಾಟ, ಇನ್ಸುಲೇಷನ್, ಮೇಲಿನ ಪ್ಲಂಬಿಂಗ್ ನೋಡಿಸಿ. ಇದಕ್ಕೆ ಮೇಲಿನಿಂದ ಎಷ್ಟು ಸಿಲಿಕೋನ್ ಹಚ್ಚಿದರೂ ಪ್ರಯೋಜನ ಇಲ್ಲ.

ಒಳಗಿನ ಸೆಕೆ ನಿಜವಾಗಿ ಕಡಿಮೆ ಆಗುತ್ತದೆಯೇ?

ಬಿಳಿ ಸಿಲಿಕೋನ್ ಹಚ್ಚಿದರೆ ಆಗುತ್ತದೆ. ಬೂದು ಬಣ್ಣದ್ದು ಹಚ್ಚಿಸಿಕೊಂಡು ತಂಪು ನಿರೀಕ್ಷಿಸಬೇಡಿ. ಹೊಸ ಬಿಳಿ ಕೋಟಿಂಗ್ ಬಿದ್ದ ಬಿಸಿಲಿನಲ್ಲಿ ಸುಮಾರು 80 ಶೇಕಡಾ ಮೇಲ್ಪಟ್ಟು ವಾಪಸ್ ಕಳಿಸುತ್ತದೆ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ, ಸಾಮಾನ್ಯ ಗಾಢ ಬಣ್ಣದ ಚಾವಣಿ ಬೇಸಿಗೆ ಮಧ್ಯಾಹ್ನ 65 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅದೇ ಹೊತ್ತಿಗೆ ಬಿಸಿಲು ಪ್ರತಿಫಲಿಸುವ ಚಾವಣಿ 28 ಡಿಗ್ರಿಯಷ್ಟು ತಂಪಾಗಿರಬಹುದು.

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದುಕೊಳ್ಳಬೇಕು. ಆ 28 ಡಿಗ್ರಿ ಚಾವಣಿಯ ಮೇಲ್ಮೈ ಲೆಕ್ಕ. ಕೋಣೆಯೊಳಗಿನ ಲೆಕ್ಕ ಅಲ್ಲ. ಒಳಗೆ ಎಷ್ಟು ಇಳಿಯುತ್ತದೆ ಎನ್ನುವುದು ಚಾವಣಿ ಎತ್ತರ, ಗೋಡೆ, ಕಿಟಕಿ, ಜನರ ಮೇಲೆ ಹೋಗುತ್ತದೆ. ಸೀಲಿಂಗ್ ಇಲ್ಲದ ತಗಡಿನ ಶೆಡ್ಡಿನಲ್ಲಿ ವ್ಯತ್ಯಾಸ ಮೊದಲ ಮಧ್ಯಾಹ್ನವೇ ಮೈಗೆ ಗೊತ್ತಾಗುತ್ತದೆ. ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಮೇಲಿನ ಅಂತಸ್ತಿಗೆ ಮಾತ್ರ ಲಾಭ. "ಒಳಗೆ 15 ಡಿಗ್ರಿ ಇಳಿಸಿ ಕೊಡುತ್ತೇವೆ" ಎನ್ನುವವರನ್ನು ನಂಬಬೇಡಿ.

ಕರೆಂಟ್ ಬಿಲ್?

ಮೇಲಿನ ಅಂತಸ್ತಿನಲ್ಲಿ ಎಸಿ ಇದ್ದರೆ ಇಳಿಯುತ್ತದೆ. ಎಸಿ ಇಲ್ಲದ ಗೋಡೌನಿನಲ್ಲಿ ಬಿಲ್ ಇಳಿಯಲು ಏನಿದೆ? ಅಲ್ಲಿ ಲಾಭ ಕೆಲಸಗಾರರ ಮೈಗೆ ಮತ್ತು ಒಳಗಿನ ಸರಕಿಗೆ. ಕೋಟಿಂಗ್ ಮಾಡಿಸುವ ಮೊದಲು ಹಿಂದಿನ ಎರಡು ವರ್ಷದ ಹೆಸ್ಕಾಂ ಬಿಲ್ ತೆಗೆದಿಡಿ. ಮಾರ್ಚ್‌ಗೆ ಮಾರ್ಚ್, ಏಪ್ರಿಲ್‌ಗೆ ಏಪ್ರಿಲ್ ಯೂನಿಟ್ ಹೋಲಿಸಿ. ರೂಪಾಯಿ ಹೋಲಿಸಬೇಡಿ, ದರ ಬದಲಾಗುತ್ತಿರುತ್ತದೆ.

ದೊಡ್ಡ ಹೊಸ ಕಟ್ಟಡ ಕಟ್ಟುವವರಿಗೆ ಇನ್ನೊಂದು ವಿಷಯ. 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಲೋಡ್ ಇರುವ ವಾಣಿಜ್ಯ ಕಟ್ಟಡಗಳಿಗೆಂದು ಬರೆದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ತಂಪು ಚಾವಣಿಯ ಮಾತು ಹೇಳಿತ್ತು. 20 ಡಿಗ್ರಿಗಿಂತ ಕಡಿಮೆ ಇಳಿಜಾರಿನ ಚಾವಣಿಗೆ ಸೌರ ಪ್ರತಿಫಲನ (ಬಿದ್ದ ಬಿಸಿಲಿನಲ್ಲಿ ವಾಪಸ್ ಹೋಗುವ ಪಾಲು) ಕನಿಷ್ಠ 0.6, ಶಾಖ ಹೊರಸೂಸುವಿಕೆ (ಕಾದ ಚಾವಣಿ ಬಿಸಿಯನ್ನು ಹೊರಗೆ ಬಿಡುವ ಪ್ರಮಾಣ) ಕನಿಷ್ಠ 0.9 ಇರಬೇಕು ಎಂದು ಅದರಲ್ಲಿತ್ತು. ಕೋಟಿಂಗ್ ಕಂಪನಿಯ ಡೇಟಾ ಶೀಟಿನಲ್ಲಿ ಈ ಎರಡು ಅಂಕಿ ಕೇಳಿ ಪಡೆಯಿರಿ.

ನಮ್ಮ ಕಡೆ ಧೂಳು ಭಾಳ. ಬಿಳಿ ಚಾವಣಿ ಎಷ್ಟು ದಿನ ಬಿಳಿ ಇರುತ್ತದೆ?

ಇದು ಸಿಲಿಕೋನ್‌ನ ನಿಜವಾದ ಕೊರತೆ. ಧೂಳನ್ನು ಅದು ಹಿಡಿದುಕೊಳ್ಳುತ್ತದೆ. ಗದಗ, ರೋಣ ಕಡೆಯ ಗಾಳಿ, ಎರೆ ಹೊಲದ ಧೂಳು, ಎಪಿಎಂಸಿ ಸುತ್ತಲಿನ ಹೊಟ್ಟು, ಜಿನ್ನಿಂಗ್ ಫ್ಯಾಕ್ಟರಿ ಹತ್ತಿರದ ಅರಳೆ ಎಳೆ, ಎಲ್ಲ ಬಂದು ಕೂರುತ್ತವೆ. ಒಂದೆರಡು ಬೇಸಿಗೆ ಕಳೆದರೆ ಬಿಳುಪು ಮಂಕಾಗುತ್ತದೆ, ಅಷ್ಟರ ಮಟ್ಟಿಗೆ ತಂಪೂ ಕಡಿಮೆ ಆಗುತ್ತದೆ. ನೀರು ತಡೆಯುವ ಗುಣಕ್ಕೆ ಏನೂ ಆಗುವುದಿಲ್ಲ.

ಹಾಗಾಗಿ ವರ್ಷಕ್ಕೊಮ್ಮೆ, ಫೆಬ್ರವರಿ ಕೊನೆಗೆ ತೊಳೆಸಿ. ಸೌಮ್ಯ ಸೋಪಿನ ನೀರು, ಮೆತ್ತನೆ ಬ್ರಶ್, ಆಮೇಲೆ ಸಾದಾ ನೀರು. ವೈರ್ ಬ್ರಶ್ ಬೇಡ, ಆ್ಯಸಿಡ್ ಬೇಡ. ಸೆಕೆ ಶುರುವಾಗುವ ಮೊದಲು ತೊಳೆದರೆ ತೊಳೆದದ್ದಕ್ಕೆ ಪೂರ್ತಿ ಲಾಭ.

ತಾರಿಹಾಳದಲ್ಲಿ ನಮ್ಮದು ಪತ್ರಾಸ್ ಶೆಡ್. ಅದಕ್ಕೂ ಆಗುತ್ತದೆಯೇ?

ಚೆನ್ನಾಗಿ ಆಗುತ್ತದೆ. ತಗಡು ಮಧ್ಯಾಹ್ನ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಆ ಎಳೆದಾಟಕ್ಕೆ ಗಟ್ಟಿ ಪೇಂಟ್ ಬಿರುಕು ಬಿಡುತ್ತದೆ, ಸಿಲಿಕೋನ್ ಜೊತೆಗೇ ಹಿಗ್ಗಿ ಕುಗ್ಗುತ್ತದೆ.

ಆದರೆ ಶೆಡ್ ಸೋರುವುದು ಸ್ಕ್ರೂ ಹತ್ತಿರ ಮತ್ತು ಶೀಟ್ ಮೇಲೆ ಶೀಟ್ ಕೂತ ಜೋಡಣೆ ಹತ್ತಿರ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಡೆದು ಪುಡಿಯಾಗಿರುತ್ತದೆ. ಸಡಿಲವಾದ ಸ್ಕ್ರೂ ಬದಲಿಸಿ, ಪ್ರತಿ ಸ್ಕ್ರೂ ತಲೆಗೂ ಸಿಲಿಕೋನ್ ಪೇಸ್ಟ್ ಇಟ್ಟು, ತುಕ್ಕು ಉಜ್ಜಿ ತೆಗೆದು, ತುಕ್ಕು ತಡೆಯುವ ಪ್ರೈಮರ್ ಹಚ್ಚಿದ ಮೇಲಷ್ಟೇ ಕೋಟಿಂಗ್. ಬೆರಳು ಒತ್ತಿದರೆ ತೂತು ಬೀಳುವಷ್ಟು ತುಕ್ಕು ತಿಂದ ಶೀಟ್ ಇದ್ದರೆ ಅದನ್ನು ಬದಲಿಸಿ. ಬೆಳಕಿಗೆಂದು ಹಾಕಿದ ಪಾರದರ್ಶಕ ಶೀಟಿನ ಮೇಲೆ ಹಚ್ಚಬಾರದು. ಅದು ಕಾಣದೆ ಯಾರಾದರೂ ಕಾಲಿಟ್ಟರೆ ಒಡೆದು ಕೆಳಗೆ ಬೀಳುತ್ತಾರೆ. ಶೆಡ್ ಮೇಲೆ ಹತ್ತುವವರಿಗೆ ಬೆಲ್ಟ್, ಹಗ್ಗ, ನಡೆಯಲು ಹಲಗೆ ಇಲ್ಲದೆ ಕೆಲಸ ಶುರು ಮಾಡಿಸಬೇಡಿ. ಇದನ್ನು ಮಾಲೀಕರೇ ಗಟ್ಟಿಯಾಗಿ ಹೇಳಬೇಕು.

ಹಳೇ ಸಿಮೆಂಟ್ ಶೀಟಿಗೆ?

ಹಚ್ಚಬಹುದು. ಆದರೆ ಹಳೇ ಸಿಮೆಂಟ್ ಶೀಟಿನಲ್ಲಿ ಆ್ಯಸ್‌ಬೆಸ್ಟಾಸ್ ಇರುತ್ತದೆ. ಒಣಗಿದಾಗ ಉಜ್ಜುವುದು, ಗ್ರೈಂಡರ್ ಹಿಡಿಯುವುದು, ಜೋರು ಪ್ರೆಶರ್‌ನಲ್ಲಿ ತೊಳೆಯುವುದು ಬೇಡವೇ ಬೇಡ. ಅದರ ನಾರು ಉಸಿರಿನಲ್ಲಿ ಹೋದರೆ ಪುಪ್ಪುಸಕ್ಕೆ ದೊಡ್ಡ ಅಪಾಯ. ಒದ್ದೆ ಮಾಡಿಕೊಂಡು ಮೆಲ್ಲಗೆ ಪಾಚಿ ತೆಗೆಯಬೇಕು, ಮಾಸ್ಕ್ ಇರಬೇಕು. ಈ ಶೀಟ್ ಮನುಷ್ಯನ ಭಾರ ತಾಳುವುದಿಲ್ಲ ಎನ್ನುವುದೂ ನೆನಪಿರಲಿ.

ಎರೆ ಭೂಮಿಯಲ್ಲಿ ಕಟ್ಟಿದ್ದೇವೆ. ಸ್ಲ್ಯಾಬಿನಲ್ಲಿ ಬಿರುಕು ಇವೆ. ಸಿಲಿಕೋನ್ ಮುಚ್ಚುತ್ತದೆಯೇ?

ಈ ಪ್ರಶ್ನೆ ಬೇರೆ ಊರಿನಲ್ಲಿ ಅಷ್ಟು ಬರುವುದಿಲ್ಲ, ನಮ್ಮ ಕಡೆ ಬಂದೇ ಬರುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅಡಿಪಾಯ ಆ ಮಣ್ಣಿಗೆ ತಕ್ಕಂತೆ ಮಾಡಿರದಿದ್ದರೆ ಕಟ್ಟಡವೂ ಜೊತೆಗೆ ಏರಿಳಿಯುತ್ತದೆ.

ಬಿರುಕು ಎರಡು ಬಗೆ. ಸಿಮೆಂಟ್ ಒಣಗುವಾಗ ಬಿದ್ದ ಕೂದಲೆಳೆ ಬಿರುಕು ಬೆಳೆಯುವುದಿಲ್ಲ. ಅದಕ್ಕೆ ಪೇಸ್ಟ್, ಬಟ್ಟೆಪಟ್ಟಿ, ಮೇಲೆ ಕೋಟಿಂಗ್ ಸಾಕು. ಇನ್ನೊಂದು ಬಗೆ ಪ್ರತಿ ವರ್ಷ ಅಗಲವಾಗುತ್ತದೆ, ಗೋಡೆಯಲ್ಲೂ ಓರೆಯಾಗಿ ಇಳಿದಿರುತ್ತದೆ, ಬಾಗಿಲು ಹಾಕಲು ಬರದಂತಾಗಿರುತ್ತದೆ. ಅಂಥಲ್ಲಿ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಬರಬೇಕು.

ಯಾವ ಬಗೆ ಎಂದು ತಿಳಿಯಲು ಸುಲಭ ದಾರಿ ಇದೆ. ಬಿರುಕಿನ ಎರಡೂ ಬದಿ ಪೆನ್ಸಿಲ್‌ನಿಂದ ಗುರುತು ಹಾಕಿ, ನಡುವಿನ ಅಂತರ ಅಳೆದು, ತಾರೀಖು ಬರೆದಿಡಿ. ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಅಳೆಯಿರಿ. ಅಂತರ ಬದಲಾಗಿದ್ದರೆ ಚಾವಣಿಗೆ ಹಣ ಹಾಕುವ ಮೊದಲು ಅಡಿಪಾಯದ ಮಾತು ಆಡಬೇಕು.

ಹಳೇ ಡಾಂಬರು ಶೀಟ್ ಕಿತ್ತು ಹಾಕಲೇಬೇಕೇ?

ಗಟ್ಟಿಯಾಗಿ ಅಂಟಿಕೊಂಡಿದ್ದರೆ ಬೇಡ. ಸಿಲಿಕೋನ್‌ನ ದೊಡ್ಡ ಲಾಭಗಳಲ್ಲಿ ಇದೂ ಒಂದು. ಒಡೆಯುವ ಖರ್ಚಿಲ್ಲ, ಟ್ರ್ಯಾಕ್ಟರ್‌ಗಟ್ಟಲೆ ರಾಡಿ ಸಾಗಿಸುವ ಕೆಲಸ ಇಲ್ಲ, ಚಾವಣಿಗೆ ಹೊಸ ಭಾರ ಇಲ್ಲ. ಆದರೆ ಡಾಂಬರಿನ ಎಣ್ಣೆ ಮೇಲೆ ಬಂದು ಬಿಳಿ ಕೋಟಿಂಗ್ ಕಂದು ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ತಡೆ ಪ್ರೈಮರ್ ಬೇಕು. ಉಬ್ಬಿದ, ಎದ್ದ ಭಾಗ ಕತ್ತರಿಸಿ ತೆಗೆಯಬೇಕು.

ಸ್ಲ್ಯಾಬ್ ಒಣಗಿದೆ ಅಂತ ತಿಳಿಯುವುದು ಹೇಗೆ?

ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನಾಲ್ಕೂ ಕಡೆ ಟೇಪ್ ಹಚ್ಚಿ ಸ್ಲ್ಯಾಬಿಗೆ ಅಂಟಿಸಿ. ಕನಿಷ್ಠ 16 ತಾಸು ಬಿಟ್ಟು ತೆಗೆಯಿರಿ. ಹಾಳೆಯ ಒಳಮೈಗೆ ಹನಿ ಇದ್ದರೆ, ಅಥವಾ ಕೆಳಗಿನ ಸ್ಲ್ಯಾಬ್ ಕಪ್ಪಾಗಿದ್ದರೆ ಒಳಗೆ ತೇವ ಇದೆ. ನಾಲ್ಕೈದು ಕಡೆ ಮಾಡಿ ನೋಡಿ, ತಗ್ಗಿನ ಜಾಗ ಬಿಡಬೇಡಿ.

ಹಳೇ ಕಟ್ಟಡಗಳಲ್ಲಿ ಸ್ಲ್ಯಾಬ್ ಮೇಲೆ ಇಟ್ಟಿಗೆ ಚೂರಿನ ಕೋಬಾ ಇರುತ್ತದೆ. ಅದು ಮಳೆಗಾಲದ ನೀರನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತದೆ. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಒದ್ದೆ. ಅದರ ಮೇಲೆ ಕೋಟಿಂಗ್ ಮುಚ್ಚಿದರೆ ಬೇಸಿಗೆಯಲ್ಲಿ ನೀರು ಆವಿಯಾಗಿ ಮೇಲೆ ತಳ್ಳಿ ಬೊಬ್ಬೆ ಏಳುತ್ತವೆ. ಕೋಬಾ ತುಂಬಾ ನೀರು ಕುಡಿದಿದ್ದರೆ ತೆಗೆಸದೆ ಬೇರೆ ದಾರಿ ಇಲ್ಲ.

ನಮ್ಮ ಚಾವಣಿಗೆ ಇದು ಅಂಟುತ್ತದೋ ಇಲ್ಲವೋ ಮೊದಲೇ ನೋಡಬಹುದೇ?

ನೋಡಲೇಬೇಕು. ಒಂದು ಮೂಲೆ ತೊಳೆದು ಒಣಗಿಸಿ, ಸ್ವಲ್ಪ ಕೋಟಿಂಗ್ ಹಚ್ಚಿ, ಒಂದಿಂಚು ಅಗಲದ ಬಟ್ಟೆ ಪಟ್ಟಿ ಅದರಲ್ಲಿ ಕೂರಿಸಿ, ಮೇಲೆ ಇನ್ನೊಂದು ಕೈ ಹಚ್ಚುತ್ತಾರೆ. ಪಟ್ಟಿಯ ಒಂದು ತುದಿ ಹೊರಗೆ ಬಿಟ್ಟಿರುತ್ತಾರೆ. ಒಂದೆರಡು ವಾರದ ಮೇಲೆ ಆ ತುದಿ ಹಿಡಿದು ಹಿಂದಕ್ಕೆ ಮಡಚಿ ಎಳೆಯುತ್ತಾರೆ. ಪಟ್ಟಿ ಬಿಡಿಸಿ ಬಂದರೂ ಸ್ಲ್ಯಾಬ್ ಮೇಲೆ ಸಿಲಿಕೋನ್ ಉಳಿದಿದ್ದರೆ ಅಂಟು ಚೆನ್ನಾಗಿದೆ. ಸ್ಲ್ಯಾಬಿನಿಂದಲೇ ಸಲೀಸಾಗಿ ಎದ್ದು ಬಂದರೆ ಪ್ರೈಮರ್ ಬೇಕು ಅಥವಾ ತೊಳೆದದ್ದು ಸಾಲದು. ಇಷ್ಟು ಸಣ್ಣ ಕೆಲಸಕ್ಕೆ "ಅದೆಲ್ಲ ಬೇಡ ಸರ್" ಎನ್ನುವ ಕಾಂಟ್ರ್ಯಾಕ್ಟರ್‌ಗೆ ಇಡೀ ಚಾವಣಿ ಒಪ್ಪಿಸಬೇಡಿ.

ಯಾವ ತಿಂಗಳಲ್ಲಿ ಮಾಡಿಸಬೇಕು?

ಜನವರಿಯಿಂದ ಏಪ್ರಿಲ್ ಮಧ್ಯದ ತನಕ. ಆಮೇಲೆ ಅಡ್ಡಮಳೆ ಶುರುವಾಗುತ್ತದೆ, ಮಧ್ಯಾಹ್ನದ ತನಕ ಸುಡುಬಿಸಿಲು, ಸಂಜೆ ಗಾಳಿ-ಗುಡುಗು-ಆಲಿಕಲ್ಲು. ರೋಹಿಣಿ, ಮೃಗಶಿರ ಮಳೆ ಬರುವ ತನಕ ಕಾಯುತ್ತಾ ಕೂತವರಿಗೆ ಒಣ ಸ್ಲ್ಯಾಬ್ ಸಿಗುವುದಿಲ್ಲ. ಧಾರವಾಡ, ಕಲಘಟಗಿ, ಹಾನಗಲ್ ಕಡೆ ಮಲೆನಾಡಿನ ಸೆರಗು, ಮಳೆ ಜಾಸ್ತಿ, ಸ್ಲ್ಯಾಬ್ ಒಣಗುವುದು ತಡ. ಗದಗ ಕಡೆ ಬೇಗ ಒಣಗುತ್ತದೆ.

ಚಳಿಗಾಲದಲ್ಲಿ ಬೆಳಗಿನ ಇಬ್ಬನಿ ಆರಿದ ಮೇಲೆಯೇ ಕೆಲಸ ಶುರು. ಏಪ್ರಿಲ್‌ನ ಒಣ ಗಾಳಿಯಲ್ಲಿ ಸಿಲಿಕೋನ್ ಗಟ್ಟಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅದಕ್ಕೆ ತೇವಾಂಶ ಬೇಕಲ್ವಾ. ಗಾಳಿ ಜೋರಿರುವ ದಿನ ಸ್ಪ್ರೇ ಮಾಡಿಸಬೇಡಿ. ಹಾರಿದ ಸಿಲಿಕೋನ್ ಕೆಳಗೆ ನಿಂತ ಕಾರಿಗೆ, ಪಕ್ಕದ ಅಂಗಡಿ ಗಾಜಿಗೆ ಕೂತರೆ ಬಿಡಿಸುವುದು ಬಹಳ ಕಷ್ಟ. ರೋಲರ್ ಸಾಕು.

ಎಷ್ಟು ದಪ್ಪ ಇರಬೇಕು? ಎಷ್ಟು ಬಕೆಟ್ ಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

ಕೊಟೇಶನ್ನಿನಲ್ಲಿ "ಎರಡು ಕೋಟ್" ಎಂದು ಬರೆದಿರುತ್ತಾರೆ. ಅದಕ್ಕೆ ಅರ್ಥವೇ ಇಲ್ಲ. ತೆಳ್ಳಗೆ ಹಚ್ಚಿದರೂ ಎರಡು ಕೋಟ್, ದಪ್ಪ ಹಚ್ಚಿದರೂ ಎರಡು ಕೋಟ್. ಕೇಳಬೇಕಾದದ್ದು ಗಟ್ಟಿಯಾದ ಮೇಲೆ ಎಷ್ಟು ಮೈಕ್ರಾನ್ ಎಂದು. ಸಾಮಾನ್ಯವಾಗಿ 500ರಿಂದ 750 ಮೈಕ್ರಾನ್ ಬೇಕಾಗುತ್ತದೆ, ಅಂದರೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಹೆಚ್ಚು ವರ್ಷದ ಗ್ಯಾರಂಟಿಗೆ ಹೆಚ್ಚು ದಪ್ಪ.

ಲೆಕ್ಕ ಸುಲಭ. ಒಂದು ಲೀಟರ್ ದ್ರವವನ್ನು ಒಂದು ಚದರ ಮೀಟರ್ ಮೇಲೆ ಸಮನಾಗಿ ಹರಡಿದರೆ ಒಂದು ಮಿಲಿಮೀಟರ್, ಅಂದರೆ 1000 ಮೈಕ್ರಾನ್. ಒಳ್ಳೆಯ ಸಿಲಿಕೋನ್‌ನಲ್ಲಿ ಘನಾಂಶ, ಅಂದರೆ ಗಟ್ಟಿಯಾದ ಮೇಲೆ ಉಳಿಯುವ ಭಾಗ, 90 ಶೇಕಡಾ ಮೇಲೆ. 95 ಶೇಕಡಾ ಇದ್ದರೆ ಲೀಟರಿಗೆ 950 ಮೈಕ್ರಾನ್ ಉಳಿಯುತ್ತದೆ.

ನಿಮ್ಮ ಚಾವಣಿ 10,000 ಚದರ ಅಡಿ ಎಂದುಕೊಳ್ಳಿ. ಅದು 929 ಚದರ ಮೀಟರ್. 600 ಮೈಕ್ರಾನ್ ಬೇಕು. ಚದರ ಮೀಟರಿಗೆ 0.63 ಲೀಟರ್, ಒಟ್ಟು ಸುಮಾರು 587 ಲೀಟರ್. ಒರಟು ಮೇಲ್ಮೈ, ರೋಲರ್‌ಗೆ ಅಂಟಿದ್ದು, ಚೆಲ್ಲಿದ್ದು ಎಂದು 10 ಶೇಕಡಾ ಸೇರಿಸಿದರೆ 645 ಲೀಟರ್. 20 ಲೀಟರಿನ ಬಕೆಟ್ 32 ಬೇಕು, ಕೊನೆಯಲ್ಲಿ ಐದು ಲೀಟರ್ ಹೆಚ್ಚೂ ಬೇಕಾಗುತ್ತದೆ. ಪ್ಯಾರಾಪೆಟ್ ಬೇರೆ. ಕಾಂಟ್ರ್ಯಾಕ್ಟರ್ 15 ಬಕೆಟ್ ಇಳಿಸಿದರೆ ಏನೂ ವ್ಯರ್ಥವಾಗದೆ ಹಚ್ಚಿದರೂ ದಪ್ಪ 300 ಮೈಕ್ರಾನ್ ಚಿಲ್ಲರೆ. ಕೇಳಿದ್ದರ ಅರ್ಧ. ನೋಡಲು ಮಾತ್ರ ಅಷ್ಟೇ ಬೆಳ್ಳಗೆ, ಅಷ್ಟೇ ಚೆಂದ.

ಅದಕ್ಕೇ ಸೀಲ್ ಇರುವ ಬಕೆಟ್ ನಿಮ್ಮ ಮುಂದೆ ಎಣಿಸಿ ಇಳಿಸಿಕೊಳ್ಳಿ, ಖಾಲಿ ಬಕೆಟ್ ಕೆಲಸ ಮುಗಿಯುವ ತನಕ ಅಲ್ಲೇ ಇರಲಿ. ಕೆಜಿ ಬೇರೆ, ಲೀಟರ್ ಬೇರೆ ಎನ್ನುವುದನ್ನೂ ಗಮನಿಸಿ. ಸಾಂದ್ರತೆ 1.25 ಇದ್ದರೆ 20 ಕೆಜಿ ಬಕೆಟ್‌ನಲ್ಲಿ ಇರುವುದು 16 ಲೀಟರ್ ಮಾತ್ರ. ಹಸಿ ಇರುವಾಗಲೇ ದಪ್ಪ ಅಳೆಯಲು ಬಾಚಣಿಕೆಯಂಥ ಹಲ್ಲಿರುವ ಸಣ್ಣ ಗೇಜ್ ಬರುತ್ತದೆ. ಕೋಟಿಂಗಿಗೆ ಒತ್ತಿ ತೆಗೆದರೆ ಎಲ್ಲಿಯ ತನಕದ ಹಲ್ಲು ಒದ್ದೆಯಾಗಿದೆ ಎಂದು ಕಾಣುತ್ತದೆ. ನೀವೇ ಕೈಯಲ್ಲಿ ಹಿಡಿದು ಅಲ್ಲಲ್ಲಿ ಒತ್ತಿ ನೋಡಿ.

ಬೆಲೆ ಹೋಲಿಸುವಾಗಲೂ ಇದೇ ಲೆಕ್ಕ. ಘನಾಂಶ 50 ಶೇಕಡಾ ಇರುವ ಅಕ್ರಿಲಿಕ್‌ನಿಂದ 600 ಮೈಕ್ರಾನ್ ಬರಬೇಕೆಂದರೆ ಅದೇ ಚಾವಣಿಗೆ 1,115 ಲೀಟರ್ ಬೇಕು. ಲೀಟರ್ ದರ ನೋಡಿ ಅಗ್ಗ ಎಂದುಕೊಂಡದ್ದು ಅಷ್ಟೇನೂ ಅಗ್ಗ ಇರುವುದಿಲ್ಲ.

"ಸಿಲಿಕೋನ್" ಎಂದು ಡಬ್ಬಿ ಮೇಲೆ ಬರೆದಿದ್ದರೆ ಸಾಕೇ?

ಸಾಲದು. ಅಕ್ರಿಲಿಕ್‌ಗೆ ಚೂರು ಸಿಲಿಕೋನ್ ಬೆರೆಸಿದ್ದನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ಇಟ್ಟಿಗೆ-ಕಲ್ಲಿಗೆ ಹೊಡೆಯುವ, ನೀರಿನಂತೆ ತೆಳುವಾದ ದ್ರಾವಣವೂ ಅದೇ ಹೆಸರಿನಲ್ಲಿ ಬರುತ್ತದೆ. ಅದು ಪೊರೆ ಕಟ್ಟುವುದೇ ಇಲ್ಲ. "ನೀರು ಬೆರೆಸಿ ಹಚ್ಚಿ" ಎಂದು ಬರೆದಿದ್ದರೆ ಸಾಮಾನ್ಯವಾಗಿ ನೀವು ಹುಡುಕುತ್ತಿರುವ ವಸ್ತು ಅದಲ್ಲ. ಡೇಟಾ ಶೀಟ್‌ನಲ್ಲಿ "100 ಶೇಕಡಾ ಸಿಲಿಕೋನ್, ತೇವಾಂಶದಿಂದ ಗಟ್ಟಿಯಾಗುವುದು" ಎಂಬ ಅರ್ಥದ ಮಾತು, ಘನಾಂಶ, ಹಿಗ್ಗುವ ಪ್ರಮಾಣ ಮೂರೂ ಇರಲಿ.

ಕೆಲಸ ನಡೆಯುವಾಗ ವ್ಯಾಪಾರ ನಿಲ್ಲಿಸಬೇಕೇ?

ಬೇಡ. ಎಲ್ಲ ಕೆಲಸ ಹೊರಗಿನಿಂದಲೇ. ಶೋರೂಮ್, ಬ್ಯಾಂಕ್, ಕಾಲೇಜು ಎಂದಿನಂತೆ ನಡೆಯಬಹುದು. ಆಸ್ಪತ್ರೆಯವರು ಮಾತ್ರ ಜಾಗ್ರತೆ ವಹಿಸಬೇಕು. ಗಟ್ಟಿಯಾಗುವಾಗ ವಾಸನೆ ಬರುತ್ತದೆ, ಚಾವಣಿ ಮೇಲೆ ಹೊರಗಾಳಿ ಎಳೆಯುವ ಎಸಿ ಯಂತ್ರವಿದ್ದರೆ ಅದು ವಾಸನೆಯನ್ನು ವಾರ್ಡಿನೊಳಗೆ ತರುತ್ತದೆ. ಆ ಹೊತ್ತು ಗಾಳಿ ಎಳೆಯುವ ಬಾಯಿ ಮುಚ್ಚಿ, ಭಾಗ ಭಾಗವಾಗಿ ಕೆಲಸ ಮಾಡಿಸಿ.

ಆಮೇಲೆ ಚಾವಣಿ ಮೇಲೆ ಓಡಾಡಬಹುದೇ? ಸಣ್ಣಪುಟ್ಟ ಕಾರ್ಯಕ್ರಮ?

ಟ್ಯಾಂಕ್ ನೋಡಲು, ಎಸಿ ಸರ್ವಿಸ್‌ಗೆ ಹೋಗಿಬರಬಹುದು. ಒದ್ದೆ ಇದ್ದಾಗ ಸಿಲಿಕೋನ್ ಭಯಂಕರ ಜಾರುತ್ತದೆ. ಓಡಾಡುವ ದಾರಿಗೆ ಮರಳು ಹರಳು ಉದುರಿಸಿ ಒರಟು ಪಟ್ಟಿ ಮಾಡಿಸಿ, ಬೇರೆ ಬಣ್ಣ ಕೊಡಿಸಿ. ಪೆಂಡಾಲ್, ಕುರ್ಚಿ, ಅಡುಗೆ ಒಲೆ, ಹಪ್ಪಳ-ಮೆಣಸಿನಕಾಯಿ ಒಣಗಿಸುವುದು ಇವೆಲ್ಲ ನಡೆಯುವ ಟೆರೇಸ್ ಆದರೆ ಸಿಲಿಕೋನ್ ಬೇಡ. ಅಲ್ಲಿ ವಾಟರ್‌ಪ್ರೂಫಿಂಗ್ ಮೇಲೆ ಟೈಲ್ಸ್ ಹಾಕಿಸುವುದೇ ಸರಿ.

ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆ ಇದೆ.

ಮೊದಲು ಸ್ಟ್ಯಾಂಡಿನ ಕಾಲುಗಳು, ಬೋಲ್ಟ್‌ಗಳು. ಆಮೇಲೆ ಕೋಟಿಂಗ್, ಕಾಲುಗಳ ಸುತ್ತ ಪೇಸ್ಟ್ ಹಚ್ಚಿ. ಕೊನೆಗೆ ಪ್ಯಾನೆಲ್. ಈ ಅನುಕ್ರಮ ತಪ್ಪಿಸಬೇಡಿ. ಪ್ಯಾನೆಲ್ ಕೂತ ಮೇಲೆ ಅದರ ಕೆಳಗೆ ರೋಲರ್ ಹೋಗುವುದಿಲ್ಲ. ಕೋಟಿಂಗ್ ಆದ ಮೇಲೆ ಡ್ರಿಲ್ ಮಾಡಿದರೆ ಹೊಸ ಸೋರಿಕೆಗೆ ನೀವೇ ದಾರಿ ಮಾಡಿಕೊಟ್ಟಂತೆ. ಪ್ಯಾನೆಲ್ ಎಷ್ಟು ವರ್ಷ ಇರುತ್ತದೋ ಅಷ್ಟು ವರ್ಷ ಬಾಳುವ ದಪ್ಪದಲ್ಲೇ ಅದರ ಕೆಳಗೆ ಹಚ್ಚಿಸಿ.

ಮಳೆ ನೀರು ಕೊಯ್ಲಿಗೆ ತೊಂದರೆಯೇ?

ಬಳಕೆ ನೀರಿಗೆ, ಬೋರ್‌ವೆಲ್ ಮರುಪೂರಣಕ್ಕೆ ಸಂಗ್ರಹಿಸಬಹುದು. ಹೊಸ ಕೋಟಿಂಗ್ ಆದ ಮೇಲಿನ ಮೊದಲ ಕೆಲವು ಮಳೆಯ ನೀರು ಹೊರಗೆ ಬಿಡಿ. ಕುಡಿಯಲು ಬಳಸುವುದಾದರೆ, ಕುಡಿಯುವ ನೀರಿಗೆ ಸುರಕ್ಷಿತ ಎಂಬ ಪ್ರಮಾಣಪತ್ರ ಇರುವ ಕೋಟಿಂಗ್ ಮಾತ್ರ ಆರಿಸಿ.

ಎಷ್ಟು ವರ್ಷ ಬಾಳುತ್ತದೆ? ಗ್ಯಾರಂಟಿ ನಂಬಬಹುದೇ?

ಕಂಪನಿಗಳು ದಪ್ಪಕ್ಕೆ ತಕ್ಕಂತೆ 10, 15, 20 ವರ್ಷ ಹೇಳುತ್ತವೆ. ಚೆನ್ನಾಗಿ ಮಾಡಿದ ಕೆಲಸ ಅಷ್ಟು ಬಾಳುವುದೂ ನಿಜ. ಆದರೆ ಗ್ಯಾರಂಟಿ ಪತ್ರವನ್ನು ಸಹಿ ಮಾಡುವ ಮೊದಲೇ ಓದಿ. ವಸ್ತುವಿಗೆ ಮಾತ್ರವೋ, ಕೆಲಸಕ್ಕೂ ಸೇರಿಯೋ? ಸೋರಿದರೆ ಬರೀ ಬಕೆಟ್ ಕೊಡುತ್ತಾರೋ, ಬಂದು ಸರಿ ಮಾಡುತ್ತಾರೋ? ಕೆಲವು ಪತ್ರಗಳಲ್ಲಿ "48 ತಾಸಿಗಿಂತ ಹೆಚ್ಚು ನೀರು ನಿಂತರೆ ಅನ್ವಯಿಸುವುದಿಲ್ಲ" ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ನಿಂತ ನೀರಿಗೆಂದೇ ಸಿಲಿಕೋನ್ ತೆಗೆದುಕೊಳ್ಳುವವರು ಅಂಥ ಪತ್ರ ಒಪ್ಪಬಾರದು. ದಪ್ಪ ಎಷ್ಟು ಮೈಕ್ರಾನ್ ಎನ್ನುವುದೂ ಪತ್ರದಲ್ಲೇ ಬರಲಿ.

ಕೊನೆಯ ಕಂತು ಕೊಡುವ ಮೊದಲು, ಪೂರ್ತಿ ಗಟ್ಟಿಯಾದ ಮೇಲೆ, ಪೈಪ್ ಬಾಯಿ ಮುಚ್ಚಿ 24ರಿಂದ 48 ತಾಸು ನೀರು ಕಟ್ಟಿ ನೋಡಿ. ಸ್ಲ್ಯಾಬ್ ಅಷ್ಟು ಭಾರ ತಾಳುತ್ತದೆ ಎಂದು ಇಂಜಿನಿಯರ್ ಹೇಳಿದ್ದರೆ ಮಾತ್ರ.

ಯಾರು ಮಾಡಿಸಬಾರದು?

ಸ್ಲ್ಯಾಬಿನ ಕೆಳಗಿನಿಂದ ಸಿಮೆಂಟ್ ಉದುರಿ ಕಬ್ಬಿಣದ ಸರಳು ಕಾಣುತ್ತಿದ್ದರೆ ಮೊದಲು ಅದರ ರಿಪೇರಿ. ಹಳೇ ಮಣ್ಣಿನ ಮಾಳಿಗೆಗೆ ಇದು ಹೊಂದುವುದಿಲ್ಲ. ಮಂಗಳೂರು ಹೆಂಚಿಗೂ ಬೇಡ, ಒಡೆದ ಹೆಂಚು ಬದಲಿಸುವುದೇ ಅಗ್ಗ. ಎರಡು-ಮೂರು ವರ್ಷದಲ್ಲಿ ಮೇಲೆ ಇನ್ನೊಂದು ಅಂತಸ್ತು ಎತ್ತುವ ಯೋಚನೆ ಇದ್ದವರು ತಾತ್ಕಾಲಿಕ ಅಕ್ರಿಲಿಕ್‌ನಲ್ಲೇ ದಿನ ದೂಡಲಿ.

ಮುಂದೆ ಹಳೆಯದಾದಾಗ ಪೂರ್ತಿ ಕಿತ್ತು ಮತ್ತೆ ಮಾಡಿಸಬೇಕೇ?

ಕೀಳುವುದು ಬೇಡ. ಚೆನ್ನಾಗಿ ತೊಳೆದು, ಹರಿದಲ್ಲಿ ತೇಪೆ ಹಾಕಿ, ಮೇಲೆ ಮತ್ತೊಂದು ಕೋಟ್ ಸಿಲಿಕೋನ್ ಹಚ್ಚಿದರೆ ಹೊಸ ಜೀವ ಬರುತ್ತದೆ. ಆದರೆ ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರೆ ಯಾವುದೂ ಅಂಟುವುದಿಲ್ಲ. ಅಕ್ರಿಲಿಕ್, ಡಾಂಬರು, ಸಿಮೆಂಟ್ ಯಾವುದು ಹಚ್ಚಿದರೂ ಮೊದಲ ಮಳೆಗೇ ಎದ್ದು ಬರುತ್ತದೆ. ಹಾಗಾಗಿ ಯಾವ ಕಂಪನಿಯ ಯಾವ ವಸ್ತು, ಎಂದು ಹಚ್ಚಿದ್ದು, ಎಷ್ಟು ದಪ್ಪ ಎಂದು ಬರೆದು ಕಟ್ಟಡದ ಫೈಲಿನಲ್ಲಿ ಇಡಿ, ಬಿಲ್ ಮತ್ತು ಡೇಟಾ ಶೀಟ್ ಜೊತೆಗೆ. ಚಾವಣಿ ಮೇಲಿನ ಬಾಗಿಲ ಹಿಂದೆಯೂ ಪೇಂಟ್‌ನಲ್ಲಿ "ಸಿಲಿಕೋನ್ ಚಾವಣಿ, ಡ್ರಿಲ್ ಮಾಡಬೇಡಿ" ಎಂದು ಬರೆಸಿ. ಕೇಬಲ್‌ನವರು, ಎಸಿಯವರು, ಹೋರ್ಡಿಂಗ್‌ನವರು ಎಲ್ಲರೂ ಅದೇ ಬಾಗಿಲಿನಿಂದ ಹೋಗುತ್ತಾರೆ.